ಹತ್ತು ಪಟ್ಟು ಹತ್ತಿರದಿಂದ: ಒಂದು ಕೈಮಸೂರದ ವಿಮರ್ಶೆ

ಎಂಟು ತಿಂಗಳಿಂದ ನನ್ನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲಿಯೇ ಇರುವ ಒಂದು ಸಣ್ಣ ಮಸೂರದ ಕುರಿತು ಈ ವಿಮರ್ಶೆ. ರತ್ನಪರೀಕ್ಷಕರು ಲೂಪ್ ಎಂದು ಕರೆಯುವ, ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಓದುವವರು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ತಿರುಗುವ, ಲೋಹದ ಕವಚದೊಳಗೆ ಮಡಚಿದರೆ ಮುಷ್ಟಿಯಲ್ಲಿ ಅಡಗುವ ವಸ್ತು ಇದು. ಬಾಲ್ಯದಲ್ಲಿ ನಾವೆಲ್ಲ ಆಡಿದ, ಹಿಡಿಯುಳ್ಳ ಭೂತಗನ್ನಡಿ ವಸ್ತುಗಳನ್ನು ಸಾಮಾನ್ಯವಾಗಿ ಎರಡು ಮೂರು ಪಟ್ಟು ಹಿಗ್ಗಿಸಿ ತೋರಿಸಿದರೆ, ಇದು ಹತ್ತು ಪಟ್ಟು ಹಿಗ್ಗಿಸುತ್ತದೆ. ನಾನು ರತ್ನಪರೀಕ್ಷಕನೂ ಅಲ್ಲ, ವಿಜ್ಞಾನಿಯೂ ಅಲ್ಲ, ಪುಟವಿನ್ಯಾಸ ಮಾಡುವವನು. ದಿನವಿಡೀ ಪರದೆಯನ್ನೇ ನೋಡಿ ಕಣ್ಣು ಜಡ್ಡುಗಟ್ಟಿ, ಮಾಡಿದ ವಿನ್ಯಾಸವೆಲ್ಲ ಹಿಂದಿನದರ ನಕಲಿನಂತೆ ತೋರತೊಡಗಿದ್ದ ಕಾಲದಲ್ಲಿ ಇದನ್ನು ಕೊಂಡೆ. ಹಾಗಾಗಿ ನಿತ್ಯವೂ ಕಣ್ಣಿಗೆ ಬೀಳುವ ವಸ್ತುಗಳನ್ನು ಇನ್ನೊಮ್ಮೆ ನೋಡುವಂತೆ ಇದು ಮಾಡುತ್ತದೆಯೇ ಎಂಬುದೊಂದನ್ನೇ ಒರೆಗಲ್ಲಾಗಿ ಇಟ್ಟುಕೊಂಡಿದ್ದೇನೆ.

ಇದಕ್ಕೂ ಮೊದಲು ಕೊಂಡ ಮಸೂರವೊಂದರ ಅನುಭವವನ್ನು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೊಸದಾಗಿ ಕೊಳ್ಳುವವರು ಎಡವುವುದು ಅಲ್ಲಿಯೇ. ಅದರ ಮೇಲೆ ಮೂವತ್ತು ಪಟ್ಟು ಎಂದು ಅಚ್ಚೊತ್ತಿತ್ತು, ಜೊತೆಗೆ ಪುಟ್ಟ ಎಲ್‌ಇಡಿ ದೀಪವೂ ಇತ್ತು. ಮಸೂರದ ಶಕ್ತಿಯನ್ನು ಲೆಕ್ಕ ಹಾಕುವ ಕ್ರಮ ಸರಳವಾಗಿದೆ: 250 ಮಿಲಿಮೀಟರನ್ನು ಸಂಗಮ ದೂರದಿಂದ, ಅಂದರೆ ಸ್ಪಷ್ಟವಾಗಿ ಕಾಣಲು ವಸ್ತು ಮಸೂರದಿಂದ ಸುಮಾರಾಗಿ ಇರಬೇಕಾದ ದೂರದಿಂದ, ಭಾಗಿಸಬೇಕು. ನಿಜವಾಗಿಯೂ ಮೂವತ್ತು ಪಟ್ಟು ಹಿಗ್ಗಿಸಬೇಕಾದರೆ ಆ ದೂರ ಸುಮಾರು 8 ಮಿಲಿಮೀಟರ್ ಇರಬೇಕು; ನನ್ನ ಮಸೂರದಲ್ಲಿ ಕಾಗದವನ್ನು 30 ಮಿಲಿಮೀಟರಿನಷ್ಟು ದೂರ ಹಿಡಿದಾಗಲೇ ಅಕ್ಷರ ಸ್ಪಷ್ಟವಾಗುತ್ತಿತ್ತು. ಅಂದರೆ ಎಂಟು ಪಟ್ಟಿನ ಆಸುಪಾಸಿನ ಮಸೂರಕ್ಕೆ ಮೂವತ್ತರ ಹಣೆಪಟ್ಟಿ ಅಂಟಿಸಿದ್ದರು. ನೋಟದ ಅಂಚಿನಲ್ಲಿ ಕಾಮನಬಿಲ್ಲಿನಂತಹ ಬಣ್ಣದ ಜಾಲರಿಯೂ ಕಾಣಿಸುತ್ತಿತ್ತು.

ಈಗಿನದು ಟ್ರಿಪ್ಲೆಟ್, ಅಂದರೆ ಮೂರು ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಮಸೂರ. ಒಂದೇ ಗಾಜಿನಲ್ಲಿ ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ಬಿಂದುಗಳಲ್ಲಿ ಕೂಡುವುದರಿಂದ ಹುಟ್ಟುವ ವರ್ಣದೋಷವನ್ನೂ, ಅಂಚಿನಲ್ಲಿ ಚಿತ್ರ ಮಸುಕಾಗುವ ದೋಷವನ್ನೂ ಈ ಜೋಡಣೆ ಬಹುಮಟ್ಟಿಗೆ ನಿವಾರಿಸುತ್ತದೆ. ಬಳಸುವ ಕ್ರಮವನ್ನು ಮಾತ್ರ ಕಲಿಯಬೇಕಾಗುತ್ತದೆ. ಮಸೂರವನ್ನು ವಸ್ತುವಿನ ಮೇಲೆ ಹಿಡಿದು ದೂರದಿಂದ ಇಣುಕುವುದಲ್ಲ; ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ವಸ್ತುವನ್ನು ಮಸೂರದಿಂದ ಸುಮಾರು 25 ಮಿಲಿಮೀಟರ್ ದೂರಕ್ಕೆ ತರಬೇಕು. ಕೂದಲೆಳೆಯಷ್ಟು ಅಲುಗಿದರೂ ನೋಟ ಕದಡುತ್ತದೆ. ಮೊದಲ ವಾರ ಇದು ಕಿರಿಕಿರಿ ಎನಿಸಿತ್ತು. ಈಗ ಈ ಬಿಗಿಯೇ ಇದರ ಗುಣ ಎಂದು ನನಗೆ ತೋರುತ್ತದೆ, ಏಕೆಂದರೆ ನಿಂತಲ್ಲಿ ನಿಲ್ಲದೆ, ಉಸಿರನ್ನು ಹದಕ್ಕೆ ತಂದುಕೊಳ್ಳದೆ ಇದರಲ್ಲಿ ಏನನ್ನೂ ನೋಡಲಾಗುವುದಿಲ್ಲ.

ನನಗೆ ಅತಿ ಹೆಚ್ಚು ಫಲ ಸಿಕ್ಕಿದ್ದು ನಾನು ಬಲ್ಲೆನೆಂದುಕೊಂಡಿದ್ದ ಮುದ್ರಣದಲ್ಲಿಯೇ. ಮುದ್ರಿತ ಬಣ್ಣದ ಚಿತ್ರವೆಲ್ಲ ಸಯಾನ್ (ತಿಳಿನೀಲಿ), ಮೆಜೆಂಟಾ (ಕಡುಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಚುಕ್ಕೆಗಳಿಂದ ಆದದ್ದು ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಆ ಪಾಠವನ್ನು ಕಣ್ಣಾರೆ ನೋಡಿದ್ದು ಮಾತ್ರ ಈಗ. ಪತ್ರಿಕೆಯಲ್ಲಿದ್ದ ಮುಖವೊಂದರ ಕೆನ್ನೆಯ ಮೇಲೆ ಮಸೂರ ಇಟ್ಟರೆ ಚರ್ಮದ ಬಣ್ಣವೇ ಇಲ್ಲ. ಹಳದಿಯ ಮೇಲೆ ಗುಲಾಬಿ ಚುಕ್ಕೆಗಳು, ನೆರಳಿದ್ದಲ್ಲಿ ನೀಲಿಯ ಚುಕ್ಕೆಗಳು, ನಡುನಡುವೆ ಬರಿಯ ಕಾಗದ. ಸಾಂಪ್ರದಾಯಿಕ ಕ್ರಮದಲ್ಲಿ ಸಯಾನ್, ಮೆಜೆಂಟಾ, ಕಪ್ಪು ಚುಕ್ಕೆಗಳ ಸಾಲುಗಳನ್ನು ಪರಸ್ಪರ 30 ಡಿಗ್ರಿ ಅಂತರದಲ್ಲಿ ಓರೆಯಾಗಿಸುತ್ತಾರೆ. ಒಂದರ ಮೇಲೊಂದು ಬಿದ್ದು ಅಲೆಯಂತಹ ಕಲೆ ಏಳದಿರಲಿ ಎಂಬುದಷ್ಟೇ ಇದರ ಉದ್ದೇಶ. ಆದರೆ ಆ ಮುನ್ನೆಚ್ಚರಿಕೆಯ ಫಲವಾಗಿ ಚುಕ್ಕೆಗಳು ತಾವಾಗಿಯೇ ಪುಟ್ಟ ಹೂವಿನಂತಹ ವೃತ್ತಗಳಾಗಿ ಕೂಡಿಕೊಳ್ಳುತ್ತವೆ. ಯಾರೂ ಬಿಡಿಸದ ಆ ಹೂಗಳು ಪುಟದ ತುಂಬ ಇರುತ್ತವೆ. ಒರಟು ಕಾಗದದ ದಿನಪತ್ರಿಕೆಯಲ್ಲಿ ಚುಕ್ಕೆಗಳು ದೊಡ್ಡವು, ಅಂಚು ಹರಡಿದವು. ನುಣುಪು ಕಾಗದದ ಮಾಸಿಕದಲ್ಲಿ ಸಣ್ಣವು, ಅಚ್ಚುಕಟ್ಟಾದವು. ನನಗೆ ದಿನಪತ್ರಿಕೆಯವೇ ಹೆಚ್ಚು ಚೆಂದ. ಇಂತಹ ಚುಕ್ಕೆಗಳನ್ನೇ ಅಮೆರಿಕದ ಚಿತ್ರಕಲಾವಿದ ರಾಯ್ ಲಿಚ್ಟೆನ್‌ಸ್ಟೈನ್ 1960ರ ದಶಕದಲ್ಲಿ ದೊಡ್ಡ ಕ್ಯಾನ್ವಾಸಿಗೆ ಏರಿಸಿದಾಗ ಏನನ್ನು ಕಂಡಿದ್ದರೆಂಬುದು ಪುಸ್ತಕದ ವಿವರಣೆಗಿಂತ ಈ ನೋಟದಿಂದ ನನಗೆ ಚೆನ್ನಾಗಿ ತಿಳಿಯಿತು.

ಬಟ್ಟೆಯದು ಇನ್ನೊಂದು ಲೋಕ. ಹಾಸುಹೊಕ್ಕು ಎಂಬ ಮಾತನ್ನು ಎಷ್ಟೋ ಸಲ ಬಳಸಿದ್ದ ನಾನು ಹಾಸು ಯಾವುದು, ಹೊಕ್ಕು ಯಾವುದು ಎಂದು ಗುರುತಿಸಿದ್ದು ನನ್ನದೇ ಜೀನ್ಸಿನ ಮೊಣಕಾಲಿನ ಮೇಲೆ. ಡೆನಿಮ್ಮಿನಲ್ಲಿ ಉದ್ದಕ್ಕೆ ಹಾಯುವ ಹಾಸಿನ ನೂಲು ನೀಲಿ, ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು ಬಿಳಿ. ನೀಲಿ ನೂಲಿಗೂ ಬಣ್ಣ ಮೇಲುಮೇಲಿನ ಪದರಕ್ಕಷ್ಟೇ ಹತ್ತಿರುತ್ತದೆ, ಒಳಗಿನ ತಿರುಳು ಬಿಳಿಯಾಗಿಯೇ ಉಳಿದಿರುತ್ತದೆ. ಸವೆದ ಜಾಗದಲ್ಲಿ ಮಸೂರ ಹಿಡಿದರೆ ಆ ತಿರುಳು ಹೊರಗೆ ಇಣುಕುವುದು ಕಾಣುತ್ತದೆ. ಮಾಸಿತೆಂದು ಎತ್ತಿಟ್ಟಿದ್ದ ಪ್ಯಾಂಟಿನಿಂದ ಒಂದು ಮುಖಪುಟದ ಬಣ್ಣಗಳನ್ನು ಆರಿಸಿಕೊಂಡಿದ್ದೇನೆ ಎಂದರೆ ಸಹೋದ್ಯೋಗಿಗಳು ಇನ್ನೂ ನಂಬುವುದಿಲ್ಲ.

ಫೋನಿನ ಪರದೆಯನ್ನು ಎಲ್ಲರೂ ಮೊದಲು ನೋಡುತ್ತಾರೆ. ಬಿಳಿ ಎಂದು ಕಾಣುವ ಕಡೆ ಕೆಂಪು, ಹಸಿರು, ನೀಲಿ ದೀಪಗಳಿರುತ್ತವೆ, ಬಿಳಿ ಇರುವುದಿಲ್ಲ. ಹತ್ತು ಪಟ್ಟಿನಲ್ಲಿ ಈಗಿನ ಸೂಕ್ಷ್ಮ ಪರದೆಗಳ ದೀಪಗಳು ಕಷ್ಟಪಟ್ಟು ಬಿಡಿಯಾಗುತ್ತವೆ, ಹಳೆಯ ಮಾನಿಟರಿನಲ್ಲಿ ಸಲೀಸಾಗಿ. ಐದು ನಿಮಿಷದ ಕುತೂಹಲ, ಅಷ್ಟೇ.

ಗಿಡಮರಗಳ ವಿಷಯ ಹಾಗಲ್ಲ. ಎಲೆಯ ತಳಭಾಗದ ರೋಮ, ಹುಲ್ಲಿನ ತೆನೆ, ಮುದುರಿಕೊಂಡ ಜರಿಗಿಡದ ಚಿಗುರು ಇವುಗಳ ಮುಂದೆ ನಾನು ಎಷ್ಟು ಹೊತ್ತು ಬಾಗಿ ನಿಂತಿರುತ್ತೇನೆಂದರೆ, ದಾರಿಹೋಕರು ಏನೋ ಕಳೆದುಹೋಗಿದೆಯೇ ಎಂದು ಕೇಳಿದ್ದುಂಟು. ಬರ್ಲಿನ್ನಿನಲ್ಲಿ ವಿನ್ಯಾಸ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ಇಂತಹವೇ ಸಾಮಾನ್ಯ ಗಿಡಗಳ ಚಿಗುರು, ಕಾಂಡ, ಬೀಜಕೋಶಗಳನ್ನು ಹಲವು ಪಟ್ಟು ಹಿಗ್ಗಿಸಿ ಛಾಯಾಚಿತ್ರ ತೆಗೆದು, ಅವನ್ನೇ ತರಗತಿಯಲ್ಲಿ ಮಾದರಿಯಾಗಿ ಬಳಸುತ್ತಿದ್ದರು. ಯೌವನದಲ್ಲಿ ಕಬ್ಬಿಣದ ಎರಕದ ಕೆಲಸ ಕಲಿತಿದ್ದ ಅವರ ಚಿತ್ರಗಳಲ್ಲಿ ಚಿಗುರುಗಳು ಕಬ್ಬಿಣದ ಬಾಗಿಲಿನ ಕುಸುರಿಯಂತೆ ಕಾಣುವುದನ್ನು ನಾನು ಮೊದಲು ಛಾಯಾಗ್ರಾಹಕನ ಚಮತ್ಕಾರ ಎಂದುಕೊಂಡಿದ್ದೆ. ಮಸೂರದಡಿಯ ಜರಿಗಿಡ ಆ ಅನುಮಾನವನ್ನು ಕಳೆಯಿತು. ಬಟ್ಟೆಗೆ ಅಂಟುವ ಮುಳ್ಳುಬೀಜವನ್ನೂ ನೋಡಿ: ಮುಳ್ಳಿನ ತುದಿಗಳು ನೆಟ್ಟಗಿರದೆ ಕೊಕ್ಕೆಯಾಗಿ ಬಾಗಿರುತ್ತವೆ. 1941ರಲ್ಲಿ ಸ್ವಿಸ್ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ತಮ್ಮ ನಾಯಿಯ ಮೈಗೆ ಅಂಟಿದ್ದ ಇಂತಹ ಬೀಜವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರಿಂದಲೇ ವೆಲ್‌ಕ್ರೋ ಹುಟ್ಟಿತು. ಚಪ್ಪಲಿಯ ವೆಲ್‌ಕ್ರೋ ಪಟ್ಟಿಯನ್ನೂ ಬೀಜವನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು ಹಿಡಿಸುತ್ತದೆ ಎಂಬುದನ್ನು ಮನೆಯಲ್ಲಿ ಕಂಡುಕೊಂಡಿದ್ದೇನೆ.

ದೋಷಗಳಿಲ್ಲವೆಂದಲ್ಲ. ಕವಚದ ತಿರುಪು ಮೂರನೆಯ ತಿಂಗಳಿಗೇ ಸಡಿಲವಾಯಿತು; ಕನ್ನಡಕ ರಿಪೇರಿಯ ಪುಟ್ಟ ಸ್ಕ್ರೂಡ್ರೈವರಿನಿಂದ ಆಗಾಗ ಬಿಗಿಮಾಡಬೇಕಾಗಿದೆ. ಕನ್ನಡಕ ಹಾಕಿದವರಿಗೆ ಕಣ್ಣನ್ನು ಸಾಕಷ್ಟು ಹತ್ತಿರ ತರಲಾಗದೆ ನೋಟದ ವಿಸ್ತಾರ ಕಿರಿದಾಗುತ್ತದೆ. ದೂರದೃಷ್ಟಿ, ಸಮೀಪದೃಷ್ಟಿಯ ಸಾದಾ ಕನ್ನಡಕವಾದರೆ ತೆಗೆದಿಟ್ಟು ನೋಡಬಹುದು. ತಲೆಯೇ ನೆರಳು ಬೀಳಿಸುವುದರಿಂದ ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಬೇಕು. ಹಾಗೆಂದು ದೀಪವಿರುವ ಮಾದರಿಯನ್ನು ನಾನು ಒಪ್ಪುವುದಿಲ್ಲ: ನೇರವಾಗಿ ಬೀಳುವ ಆ ನೀಲಿಮಿಶ್ರಿತ ಬೆಳಕಿನಲ್ಲಿ ನೂಲಿನ ಉಬ್ಬುತಗ್ಗು ಅಳಿಸಿಹೋಗಿ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಮಸೂರವನ್ನು ತೆರೆದು ಬಿಸಿಲು ಬೀಳುವ ಮೇಜಿನ ಮೇಲೆ ಬಿಡಬಾರದು, ಅದರಿಂದ ಸೂರ್ಯನನ್ನಂತೂ ನೋಡಲೇಬಾರದು.

ಕೊಳ್ಳುವವರು ಹತ್ತು ಪಟ್ಟಿನ, ದೀಪವಿಲ್ಲದ ಟ್ರಿಪ್ಲೆಟ್ಟನ್ನೇ ಆರಿಸಿ. ಇಪ್ಪತ್ತು ಪಟ್ಟಿನದರಲ್ಲಿ ಕಾಣುವ ಜಾಗವೂ ಸ್ಪಷ್ಟವಾಗಿರುವ ಆಳವೂ ಕುಗ್ಗಿ, ನೋಡುವುದಕ್ಕಿಂತ ಹುಡುಕುವುದೇ ಹೆಚ್ಚಾಗುತ್ತದೆ. ಕೈ ನಡುಗುವವರಿಗೆ, ನೇಯ್ಗೆಯ ಎಳೆ ಎಣಿಸಲು ಬಳಸುವ, ತನ್ನದೇ ಕಾಲಿನ ಮೇಲೆ ನಿಲ್ಲುವ ಮಡಚುವ ಮಸೂರ ಹೆಚ್ಚು ಅನುಕೂಲ. ಅದನ್ನು ಪುಟದ ಮೇಲೋ ಬಟ್ಟೆಯ ಮೇಲೋ ಇಟ್ಟು ಬಗ್ಗಿದರೆ ಸಾಕು. ದೂರವನ್ನು ಅದರ ಕಾಲುಗಳೇ ನೋಡಿಕೊಳ್ಳುತ್ತವೆ.