ಇ-ಸೈಕಲ್ ಗಟ್ಟಿ, ಬ್ಯಾಟರಿಯೇ ತಲೆನೋವು: ಮೂರು ವರ್ಷಗಳ ಬಳಕೆಯ ನಂತರ

ಕಚೇರಿಗೆ ಹೋಗಿ ಬರಲು ಮೂರು ವರ್ಷಗಳಿಂದ ಇ-ಸೈಕಲ್ಲನ್ನೇ ನೆಚ್ಚಿಕೊಂಡಿದ್ದೇನೆ. 250 ವ್ಯಾಟ್ ಮೋಟಾರು, 36 ವೋಲ್ಟ್ ಬ್ಯಾಟರಿ. ವೇಗ ಗಂಟೆಗೆ 25 ಕಿಲೋಮೀಟರ್ ದಾಟಿದೊಡನೆ ಮೋಟಾರಿನ ನೆರವು ನಿಲ್ಲುತ್ತದೆ. ಅದಕ್ಕೂ ಮೇಲೆ ಬೇಕೆಂದರೆ ಕಾಲಿನ ಬಲವೇ ಗತಿ. ಏರುದಾರಿಗಾಗಲಿ ಎದುರುಗಾಳಿಗಾಗಲಿ ಅಂಜಬೇಕಿಲ್ಲ. ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಅವರ್ ವಿದ್ಯುತ್ ಸಾಕು. ವಿದ್ಯುತ್ ಕಾರಿಗೆ 150ರಿಂದ 200 ಬೇಕಾಗುತ್ತದೆ. ಚೈನು ಮತ್ತು ಬ್ರೇಕ್ ಪ್ಯಾಡ್ ಮಾತ್ರ ಸಾದಾ ಸೈಕಲ್ಲಿಗಿಂತ ಬೇಗ ಸವೆಯುತ್ತವೆ.

ಈಚೆಗೆ, ಪರದೆಯ ಮೇಲೆ ಇನ್ನೂ ಎರಡು ಗೆರೆ ಚಾರ್ಜ್ ಕಾಣುತ್ತಿರುವಾಗಲೇ ಏರಿನ ನಡುವೆ ಮೋಟಾರು ಕೈಕೊಡತೊಡಗಿತು. ಅನುಭವಿ ಮೆಕ್ಯಾನಿಕ್ ಒಬ್ಬರು ಬ್ಯಾಟರಿಯ ಮುಚ್ಚಳ ತೆಗೆದು, ಒಳಗಿನ ಸಣ್ಣ ತಂತಿಗಳಿಗೆ ಒಂದೊಂದಾಗಿ ಮೀಟರ್ ಹಿಡಿದರು. ಸರಣಿಯಲ್ಲಿ ಜೋಡಿಸಿದ 10 ಗುಂಪು ಸೆಲ್‌ಗಳಲ್ಲಿ ಒಂಬತ್ತು 3.8 ವೋಲ್ಟಿನ ಆಸುಪಾಸಿನಲ್ಲಿದ್ದವು, ಒಂದು 3.2ಕ್ಕೆ ಕುಸಿದಿತ್ತು. ಏರಿನಲ್ಲಿ ಮೋಟಾರು ಹೆಚ್ಚು ವಿದ್ಯುತ್ ಎಳೆದಾಗ ಆ ಒಂದು ಗುಂಪು ಇನ್ನಷ್ಟು ಇಳಿದರೂ ಸಾಕು, ನಿಯಂತ್ರಣ ಸರ್ಕೀಟು ಇಡೀ ಬ್ಯಾಟರಿಯನ್ನು ಬಂದ್ ಮಾಡುತ್ತದೆ. ಕೆಟ್ಟ ಗುಂಪನ್ನಷ್ಟೇ ಬದಲಿಸೋಣವೆಂದರೆ ಎಲ್ಲವನ್ನೂ ಅಂಟಿನಲ್ಲಿ ಹುಗಿದಿದ್ದಾರೆ. ತಯಾರಕರನ್ನು ಕೇಳಿದರೆ ಸಿಕ್ಕ ಉತ್ತರ ಒಂದೇ: ಹೊಸ ಬ್ಯಾಟರಿ ಕೊಳ್ಳಿ. ಅದರ ಬೆಲೆ ಸೈಕಲ್ಲಿನ ಮೂರನೇ ಒಂದು ಭಾಗ!

ಸರ್ಕಾರಗಳ ನೀತಿಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಕೊಳ್ಳುವಾಗ ಸಹಾಯಧನ ಕೊಡುವುದು ಒಳ್ಳೆಯದೇ. ಅಮೆರಿಕದ ಡೆನ್ವರ್ ನಗರ 2022ರಲ್ಲಿ ಇ-ಸೈಕಲ್ಲಿಗೆ ರಿಯಾಯಿತಿ ಕೊಡಲು ಆರಂಭಿಸಿದಾಗ ಜನ ಮುಗಿಬಿದ್ದರು. ಆದರೆ ಮಾರಾಟವಾದ ವಾಹನಗಳನ್ನು ಎಣಿಸಿ ಸುಮ್ಮನಾದರೆ ಪರಿಸರಕ್ಕೆ ಸಿಗುವ ಲಾಭ ಅರ್ಧಂಬರ್ಧ. ಬ್ಯಾಟರಿಗೆ ಬೇಕಾದ ಲಿಥಿಯಂ, ನಿಕಲ್‌ಗಳನ್ನು ನೆಲ ಬಗೆದು ತೆಗೆಯಬೇಕು. ಒಂಬತ್ತು ಗುಂಪು ಸೆಲ್‌ಗಳು ಗಟ್ಟಿಯಾಗಿರುವಾಗಲೇ ಬ್ಯಾಟರಿಯನ್ನು ಎಸೆಯುವುದು ಅನ್ಯಾಯ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮ ಸರಿಯಾದ ಜಾಗಕ್ಕೇ ಕೈಹಾಕಿದೆ: ಇಂತಹ ಹಗುರ ವಾಹನಗಳ ಬ್ಯಾಟರಿಯನ್ನಷ್ಟೇ ಅಲ್ಲ, ಒಳಗಿನ ಬಿಡಿ ಸೆಲ್‌ಗಳನ್ನೂ ಹೊರಗಿನ ನುರಿತ ಮೆಕ್ಯಾನಿಕ್ ಬದಲಿಸುವಂತಿರಬೇಕು, ಅದಕ್ಕೆ ಸಾಫ್ಟ್‌ವೇರ್ ಅಡ್ಡಿಯಾಗಬಾರದು. ಈ ಷರತ್ತಿಗೆ ನಿಗದಿಯಾದ ಗಡುವು ಫೆಬ್ರವರಿ 2027. ಸಹಾಯಧನ ಕೊಡುವ ಪ್ರತಿ ಸರ್ಕಾರವೂ ಇದೇ ಷರತ್ತನ್ನು ಹಾಕಬೇಕೆಂದು ಒತ್ತಾಯಿಸುತ್ತೇನೆ.

ಹೊಸ ಬ್ಯಾಟರಿ ಹಾಕಿಸಿ ಸವಾರಿ ಮುಂದುವರಿಸಿದ್ದೇನೆ. ಸೈಕಲ್ಲಿಗೆ ಐದಕ್ಕೆ ನಾಲ್ಕೂವರೆ ಅಂಕ, ಬ್ಯಾಟರಿಗೆ ಒಂದೇ. ಕೊಳ್ಳುವವರು ಮೋಟಾರಿನ ಬಲ ವಿಚಾರಿಸುವ ಮೊದಲು ಬ್ಯಾಟರಿಯನ್ನು ಸ್ಕ್ರೂ ತೆಗೆದು ಬಿಚ್ಚಬಹುದೇ, ಅಂಟಿನಿಂದ ಮುಚ್ಚಿದ್ದಾರೆಯೇ, ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.