ವಿಧಿ 301 ಅಥವಾ ಆಸ್ಟ್ರೇಲಿಯಾದ ಸೆಕ್ಷನ್ 92: ಪ್ರಾಜೆಕ್ಟಿಗೆ ಯಾವುದು?

ರಾಜ್ಯಗಳ ನಡುವಿನ ಮುಕ್ತ ವ್ಯಾಪಾರದ ಬಗ್ಗೆ ಪ್ರಾಜೆಕ್ಟ್ ಬರೆಯಬೇಕಾ? ಭಾರತ ಸಂವಿಧಾನದ ವಿಧಿ 301, ಆಸ್ಟ್ರೇಲಿಯಾ ಸಂವಿಧಾನದ ಸೆಕ್ಷನ್ 92 ಎರಡೂ ಅದರ ಬಗ್ಗೆಯೇ. ನನ್ನ ಓಟು ಆಸ್ಟ್ರೇಲಿಯಾಕ್ಕೆ. ಅಲ್ಲಿನ ಸೆಕ್ಷನ್ 92 ವ್ಯಾಪಾರ ‘ಸಂಪೂರ್ಣ ಮುಕ್ತ’ ಎಂದು ಹೇಳಿ ಸುಮ್ಮನಾಗುತ್ತದೆ. ಅದರ ಅರ್ಥ ಹುಡುಕಲು ಕೋರ್ಟುಗಳು ದಶಕಗಟ್ಟಲೆ ಒದ್ದಾಡಿದವು.

ಕೊನೆಗೆ ದಾರಿ ತೋರಿಸಿದ್ದು ಕ್ರೇಫಿಶ್ ಎಂಬ ದೊಡ್ಡ ಸಿಗಡಿಯಂಥ ಜಲಚರ! ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ಹಿಡಿಯಬಹುದಾದ ಅಳತೆ, ಇನ್ನೊಂದು ರಾಜ್ಯ ಟಾಸ್ಮೇನಿಯಾದಲ್ಲಿ ತೀರಾ ಚಿಕ್ಕದು. ಅಂಥದ್ದನ್ನು ಟಾಸ್ಮೇನಿಯಾಕ್ಕೆ ತಂದವರ ಮೇಲೆ ಕೇಸಾಯಿತು. ಆದರೆ ಸ್ಥಳೀಯರಿಗೂ ಅದೇ ಅಳತೆ ತಾನೇ? ತಮ್ಮವರಿಗೆ ಲಾಭ ಮಾಡಿಕೊಡುವ ತಾರತಮ್ಯ ಇದಲ್ಲ, ನಿಯಮ ಸರಿ ಎಂದು ಅಲ್ಲಿನ ಅತ್ಯುನ್ನತ ಕೋರ್ಟ್ 1988ರಲ್ಲಿ ಹೇಳಿತು.

ನಮ್ಮ 301ಕ್ಕೆ 302ರಿಂದ 305ರವರೆಗೆ ಷರತ್ತುಗಳೇ ಜಾಸ್ತಿ. ತಾರತಮ್ಯವಿಲ್ಲದ ತೆರಿಗೆ 301ಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2016ರಲ್ಲಿ ಬಹುಮತದಿಂದ ಹೇಳಿತು. ಪ್ರವೇಶ ತೆರಿಗೆ (ಹೊರಗಿನಿಂದ ಬರುವ ಸರಕಿನ ಮೇಲಿನ ತೆರಿಗೆ), ಜಿಎಸ್‌ಟಿ ಕಡೆ ಒಲವಿದ್ದರೆ ಮಾತ್ರ 301 ತಗೊಳ್ಳಿ.