ಇ-ರೀಡರೋ, ಅಚ್ಚಿನ ಪುಸ್ತಕವೋ?

ಇ-ರೀಡರ್, ಅಂದರೆ ಇ-ಪುಸ್ತಕ ಓದಲೆಂದೇ ಇರುವ ಪುಟ್ಟ ಸಾಧನ, ಕೊಳ್ಳಲೋ ಬೇಡವೋ ಎಂದು ಕೇಳಿದ್ದೀರಿ. ಹೆಚ್ಚಾಗಿ ಓದುವುದು ಯಾವ ಭಾಷೆಯಲ್ಲಿ? ಅರ್ಧ ಉತ್ತರ ಅಲ್ಲೇ ಇದೆ. 2016ರಲ್ಲಿ ಅಮೆಜಾನ್‌ನ ಇ-ರೀಡರ್ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳಿಯಿತು. ಕನ್ನಡದ ಇ-ಪುಸ್ತಕಗಳು ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಸಿಗುತ್ತವೆ. ಅದಕ್ಕೆ ಕೈಯಲ್ಲಿರುವ ಫೋನೇ ಸಾಕು. ಹಳೆಯ ಪುಸ್ತಕದ ಸ್ಕ್ಯಾನ್ ಪಿಡಿಎಫ್ ಅನ್ನು ಇ-ರೀಡರಿನ ಆರಿಂಚಿನ ಪರದೆಗೆ ಹಾಕಿ ನೋಡಿ. ಪುಟ ಕುಗ್ಗಿ ಒತ್ತಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕು. ಇಂಥ ಓದಿಗೆ ನನ್ನ ಮತ ಅಚ್ಚಿಗೇ.

ಖರ್ಚಿನ ಮಾತು: ಇ-ರೀಡರ್‌ಗೆ ಮೊದಲೇ ಸಾವಿರಾರು ರೂಪಾಯಿ ಸುರಿಯಬೇಕು. ತಿಂಗಳಿಗೆ ಮೂರ್ನಾಲ್ಕು ಇಂಗ್ಲಿಷ್ ಕಾದಂಬರಿ ಮುಗಿಸುವವರಿಗೆ ಅದು ಗಿಟ್ಟೀತು. ಅಪರೂಪಕ್ಕೆ ಓದುವವರಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳೇ ಅಗ್ಗ. ಓದಿದ ಮೇಲೆ ಇನ್ನೊಬ್ಬರಿಗೆ ಕೊಡಬಹುದು, ಮಾರಲೂಬಹುದು. ಇ-ಪುಸ್ತಕದಲ್ಲಿ ಸಾಮಾನ್ಯವಾಗಿ ನಿಮಗೆ ಸಿಗುವುದು ಓದುವ ಪರವಾನಗಿ ಮಾತ್ರ.

ಬಾಳಿಕೆಯಲ್ಲಿ ಎರಡಕ್ಕೂ ಕಾಟ ಇದ್ದದ್ದೇ: ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು, ಇತ್ತ ವರ್ಷ ಕಳೆದಂತೆ ಸೊರಗುವ ಬ್ಯಾಟರಿ.

ಚಾಳೀಸು ಬಂದವರು, ಸದಾ ಊರೂರು ತಿರುಗುವವರು ಇ-ರೀಡರ್ ಕೊಳ್ಳಲಿ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಇ-ರೀಡರಿನ, ಕಾಗದದಂತೆ ಕಾಣುವ ಇ-ಇಂಕ್ ಪರದೆ ಮುಖ್ಯವಾಗಿ ಪುಟ ಬದಲಾಗುವಾಗ ವಿದ್ಯುತ್ ಬಳಸುವುದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿಗಾದರೆ ಪುಸ್ತಕ, ಜೊತೆಗೊಂದು ಪೆನ್ಸಿಲ್ ಕೊಡಿಸಿ.